ಬರ್ತೀನಿ ಎನ್ನುವ ಟಿವಿ

ನಮ್ಮ ಹೊನ್ನಾಳಿ ಚಿಕ್ಕಪ್ಪ ಮನೆಗೆ ಬಂದರೆ ಹೊರಡುವುದು ಸುಲಭವಲ್ಲ. "ಬರ್ತೀನವ್ವಾ" ಎನ್ನುತ್ತಾರೆ, ಒಂದು ಕಾಲಿಗೆ ಚಪ್ಪಲಿ ಹಾಕುತ್ತಾರೆ, ಇನ್ನೊಂದು ಕಾಲನ್ನು ಹೊಸ್ತಿಲ ಒಳಗೇ ಇಟ್ಟುಕೊಂಡು ಅಡಿಕೆ ರೇಟಿನಿಂದ ಹಿಡಿದು ಬೀಗರ ಮಂಡಿನೋವಿನವರೆಗೆ ಮಾತಾಡುತ್ತಾರೆ. ಅಷ್ಟರಲ್ಲಿ ಇನ್ನೊಂದು ಸುತ್ತು ಕಾಫಿಯಾಗಿರುತ್ತದೆ. ಈಗೀಗ ಅವರನ್ನು ಕಂಡರೆ ನನಗೆ ನಮ್ಮ ಟಿವಿ ನೆನಪಾಗುತ್ತದೆ.

ನಾನು ಚನ್ನಗಿರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ವಿದ್ಯುತ್ ಉಳಿತಾಯದ ಪಾಠ ಮಾಡುವಾಗ ಒಂದು ಸಂಗತಿ ಮಕ್ಕಳಿಗಿಂತ ನನಗೇ ಹೆಚ್ಚು ನಾಟಿತು. ರಿಮೋಟ್ ಒತ್ತಿದ ಮಾತ್ರಕ್ಕೆ ಟಿವಿ ಪೂರ್ತಿ ಆಫ್ ಆಗುವುದಿಲ್ಲ. ಪರದೆ ಕಪ್ಪಾದರೂ ಮೂಲೆಯ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಸೆಟ್‌ಟಾಪ್ ಬಾಕ್ಸಂತೂ ಮಲಗಿದಂತೆ ನಟಿಸುತ್ತ ಕರೆಂಟು ಕುಡಿಯುತ್ತಿರುತ್ತದೆ. ಅಂದಿನಿಂದ ನಾನು ಸ್ವಿಚ್ ಬೋರ್ಡಿನ ಪೊಲೀಸಾದೆ. ಫೋನಿಲ್ಲದ ಚಾರ್ಜರು, ಪಾಪ, ಯಾವ ತಪ್ಪೂ ಮಾಡದ ಮಿಕ್ಸಿ, ಎಲ್ಲದರ ಪ್ಲಗ್ಗನ್ನೂ ಕಿತ್ತೆ. ನಮ್ಮನೆಯವರು ಒಂದು ಕಡೆ ಸುಮ್ಮನೆ ಕೂತಾಗ, ಎಲ್ಲಿ ತಮ್ಮನ್ನೂ ಆಫ್ ಮಾಡುತ್ತಾಳೋ ಎಂದು ಆಗಾಗ ಕೆಮ್ಮತೊಡಗಿದರು.

ತಕರಾರು ಬಂದದ್ದು ನಮ್ಮ ಜೊತೆಗೇ ಇರುವ ಅತ್ತೆಯಿಂದ. "ಮುಸ್ಸಂಜೆ ಹೊತ್ತಿನಾಗೆ ಟಿವಿಯಾಗೆ ಉರಿಯೋ ದೀಪ ಯಾಕವ್ವಾ ದೊಡ್ಡದು ಮಾಡ್ತೀಯ?" ದೊಡ್ಡದು ಮಾಡುವುದೆಂದರೆ ಆರಿಸುವುದು. ದೀಪದ ವಿಷಯದಲ್ಲಿ 'ಆರಿಸು' ಎನ್ನಲು ನಮ್ಮ ಹಿರಿಯರಿಗೆ ಬಾಯಿ ಬರುವುದಿಲ್ಲ. ಬಳೆ ಒಡೆದರೆ 'ಹೆಚ್ಚಿತು' ಎನ್ನುತ್ತಾರೆ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನುವಂತೆಯೇ ಇಲ್ಲ, 'ಬರ್ತೀನಿ' ಎಂದೇ ಹೊರಡಬೇಕು. ಭಾಷೆಯೇ ಅತ್ತೆಯ ಪಕ್ಷ ವಹಿಸಿರುವಾಗ ಸೊಸೆ ಏನು ಮಾಡಬೇಕು? ಅದೇ ಭಾಷೆಯನ್ನು ನನ್ನ ಕಡೆಗೆಳೆದುಕೊಂಡೆ.

"ನೋಡ್ರಿ ಅತ್ತೆ, ರಿಮೋಟ್ ಒತ್ತಿದ್ರೆ ಟಿವಿ 'ಬರ್ತೀನಿ' ಅಂತೈತೆ ಅಷ್ಟೆ. ಹೊನ್ನಾಳಿ ಚಿಕ್ಕಪ್ಪನ ಹಂಗೆ ಬಾಗಿಲಾಗೇ ನಿಂತಿರ್ತೈತೆ. ಗೋಡೆ ಸ್ವಿಚ್ ಆಫ್ ಮಾಡಿದ್ರೇನೇ ಅದು 'ಹೋಗ್ತೀನಿ' ಅನ್ನೋದು."

ಉದಾಹರಣೆ ಎಷ್ಟು ಚೆನ್ನಾಗಿ ಬಂತೆಂದು ನನಗೇ ಹೆಮ್ಮೆಯಾಯಿತು.

ಅತ್ತೆಯ ಧಾರಾವಾಹಿಯ ಹುಡುಗಿಗೆ ಕಂಕಣಬಲ ಕೂಡಿಬರಲು ಒಂದು ವರ್ಷದ ಮೇಲೇ ಹಿಡಿದಿತ್ತು. ತಾಳಿ ಕಟ್ಟುವ ಸಂಜೆ ಅವರು ಒಳ್ಳೆಯ ಸೀರೆಯುಟ್ಟು, ಅಂಗೈಯಲ್ಲಿ ಅಕ್ಷತೆ ಹಿಡಿದು ಟಿವಿಯ ಮುಂದೆ ಕೂತರು. ನಾನು ಬೆಳಿಗ್ಗೆಯೇ ಗೋಡೆ ಸ್ವಿಚ್ ಆಫ್ ಮಾಡಿದ್ದೆ. ಅವರು ಹಾಕಿದರು. ಪೂರ್ತಿ ಆರಿದ ಬಾಕ್ಸಿಗೆ ಎಚ್ಚರವಾಗುವುದೆಂದರೆ ಕುಂಭಕರ್ಣ ಎದ್ದಂತೆ. ಪರದೆಯ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಚಿತ್ರ ಮೂಡಿದಾಗ ಹುಡುಗಿ ಕೊರಳಲ್ಲಿ ತಾಳಿಯೊಂದಿಗೆ ಅಳುತ್ತ ಕಾರು ಹತ್ತುತ್ತಿದ್ದಳು.

"ನಾಳೆ ಮಧ್ಯಾಹ್ನ ಮತ್ತೆ ಹಾಕ್ತಾರೆ ಅತ್ತೆ" ಎಂದೆ.

"ಮುಗಿದ ಮದುವಿಗೆ ಯಾರಾದ್ರೂ ಅಕ್ಷತೆ ಹಾಕ್ತಾರೇನವ್ವಾ?"

ಅಕ್ಷತೆಯನ್ನು ತಟ್ಟೆಗೆ ಸುರಿದು ಎದ್ದುಹೋದರು. ಮರುದಿನ ಬೆಳಿಗ್ಗೆ ಜಗಳೂರಿನ ಮಗಳ ಮನೆಗೆಂದು ಚೀಲ ಹಿಡಿದು, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಒಂದೇ ಮಾತು ಹೇಳಿದರು: "ಹೋಗ್ತೀನಿ."

ಅಷ್ಟು ವರ್ಷಗಳಲ್ಲಿ ಆ ಬಾಯಿಂದ ಆ ಮಾತು ಕೇಳಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಲೆ ಆರಿಸಿ, ಸಿಕ್ಕಿದ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದೆ. ದಾವಣಗೆರೆ ಬಸ್ಸಿನ ಕಿಟಕಿಯ ಪಕ್ಕ ಅತ್ತೆ ಗಂಟುಮುಖ ಹಾಕಿಕೊಂಡು ಕೂತಿದ್ದರು.

"ಅತ್ತೆ, 'ಬರ್ತೀನಿ' ಅನ್ರಿ."

"ಯಾಕವ್ವಾ? ಪೂರ್ತಿ ಹೋದ್ರೇನೇ ಒಳ್ಳೇದು ಅಂತಿದ್ದೆಲ್ಲ? ಕರೆಂಟ್ ಉಳಿತೈತೆ."

ಕಂಡಕ್ಟರ್ ಸೀಟಿ ಊದಿದ. "ಆ ಡಬ್ಬಿ ಮುಟ್ಟಾಕೆ ಹೋಗಲ್ಲ ಅತ್ತೆ, ನಿಮ್ಮಾಣೆ" ಎಂದೆ.

"ಆಣೆಗೀಣೆ ಬ್ಯಾಡ" ಎಂದರು ಅತ್ತೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಬರ್ತೀನಿ!"

ಈಗಲೂ ಚಾರ್ಜರು ಕೀಳುತ್ತೇನೆ, ಮಿಕ್ಸಿಯನ್ನು ಕಾಯುತ್ತೇನೆ, ಮಕ್ಕಳಿಗೆ ಪಾಠವನ್ನೂ ಮಾಡುತ್ತೇನೆ. ಮೊನ್ನೆ ನಮ್ಮನೆಯವರು, ಅಪರೂಪಕ್ಕೆ ನನ್ನನ್ನು ಮೆಚ್ಚಿಸಲೆಂದು, ಟಿವಿಯ ಗೋಡೆ ಸ್ವಿಚ್ಚಿಗೆ ಕೈ ಹಾಕಿದರು.

"ಮುಟ್ಟಬೇಡ್ರಿ" ಎಂದೆ. "ಅತ್ತೆ ಇನ್ನೂ ಬಂದಿಲ್ಲ."