ಸೂತಕದ ಮನೆಯ ಸೊಪ್ಪು

ರೇಷ್ಮೆ ಸೀರೆ ಕಂಡರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಸೊಂಟನೋವು. ಎಪ್ಪತ್ತರ ದಶಕದ ಕೊನೆಯಲ್ಲಿ, ಮುಳಬಾಗಿಲಿನಿಂದ ನಂಗಲಿಗೆ ಹೋಗುವ ದಾರಿಯ ಪಕ್ಕದ ನಮ್ಮ ಊರಲ್ಲಿ, ನಮ್ಮ ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ರೇಷ್ಮೆಹುಳ. ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳ ನಾಲ್ಕು ಸಲ ತಿನ್ನುವುದು ಬಿಟ್ಟು ಪೊರೆ ಕಳಚುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದವೆಂದರೆ ನಮ್ಮ ಕಥೆ ಮುಗಿಯಿತು. ಗೂಡು ಕಟ್ಟುವವರೆಗೆ ಹಗಲಿಲ್ಲ, ರಾತ್ರಿಯಿಲ್ಲ, ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಇರಬೇಕು. ಆಗ ಸೊಪ್ಪು ತಪ್ಪಿದರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ತಿಪ್ಪೆಗೆ.

ಸೊಪ್ಪು ಬರುತ್ತಿದ್ದದ್ದು ಒಂದೇ ತೋಟದಿಂದ. ಅದು ಪಕ್ಕದೂರಿನ, ಅಪ್ಪನ ಸ್ನೇಹಿತನದು. ನಾನು ಅವನನ್ನು ಮಾವ ಎನ್ನುತ್ತಿದ್ದೆ. ಅವನ ಸೊಪ್ಪು ಎಂದೂ ಕೈಕೊಟ್ಟಿರಲಿಲ್ಲ. ಆ ಧೈರ್ಯದ ಮೇಲೆ ಅಪ್ಪ ನಮ್ಮ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿಬಿಟ್ಟ. ಬೇರೆ ತೋಟದವರು ಬಂದು ಸೊಪ್ಪು ಬೇಕಾ ಎಂದು ಕೇಳಿದರೆ, ನಮಗೆ ನಮ್ಮವನಿದ್ದಾನೆ ಎಂದು ಬಾಗಿಲಲ್ಲೇ ಕಳಿಸುತ್ತಿದ್ದ. ಇನ್ನೊಂದು ಕಡೆಯೂ ಮಾತಾಡಿಟ್ಟುಕೊಳ್ಳೋಣ ಎಂದು ಅಮ್ಮ ಹೇಳಿದರೆ, ಅವನಿಗೆ ಬೇಜಾರಾಗುತ್ತದೆ ಎನ್ನುತ್ತಿದ್ದ.

ಹುಳ ನಾಲ್ಕನೇ ಜ್ವರದಿಂದ ಎದ್ದ ದಿನ ಬೆಳಿಗ್ಗೆ ಸೊಪ್ಪಿನ ಹೊರೆ ಬರಲಿಲ್ಲ. ಮಾವ ತೀರಿಕೊಂಡ ಸುದ್ದಿ ಬಂತು.

ಹುಳವಿರುವ ಮನೆಯವರು ಸಾವಿನ ಮನೆಗೆ ಹೋಗುವಂತಿರಲಿಲ್ಲ. ಹೋದರೆ ಮೈಲಿಗೆ ತಟ್ಟಿ ಹುಳ ಹಾಳಾಗುತ್ತವೆ ಎಂದು ಎಲ್ಲರೂ ನಂಬಿದ್ದರು. ಆ ಮನೆಯ ಸೊಪ್ಪಿಗೂ ಸೂತಕವೇ. ನಾವು ಯಾರೂ ಹೋಗಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡು ಅತ್ತ. ಆಮೇಲೆ ಸೈಕಲ್ ಹತ್ತಿ ಸೊಪ್ಪು ಹುಡುಕಲು ಹೋದ.

ನಂಗಲಿಯವರೆಗೂ ಅಲೆದನಂತೆ. ಎಲ್ಲರ ಮನೆಯಲ್ಲೂ ಹುಳ ಎದ್ದಿದ್ದವು. ಇದ್ದಬದ್ದ ಸೊಪ್ಪೆಲ್ಲ ಮೊದಲೇ ಮಾತಾಗಿತ್ತು. ಇಷ್ಟು ವರ್ಷ ನಾವು ನಿಮ್ಮ ಕಣ್ಣಿಗೆ ಬೀಳಲಿಲ್ಲವಾ ಎಂದು ಒಬ್ಬರು ಕೇಳಿದರಂತೆ. ಸಂಜೆ ಕ್ಯಾರಿಯರ್‌ಗೆ ಕಟ್ಟಿ ತಂದದ್ದು ಒಂದು ಸಣ್ಣ ಗಂಟು, ಅದೂ ಅರ್ಧ ಬಾಡಿತ್ತು. ಮರುದಿನ ಹುಳ ತಟ್ಟೆಯ ಅಂಚಿಗೆ ಬಂದು ತಲೆಯೆತ್ತಿ ಹುಡುಕುತ್ತಿದ್ದವು. ನನಗೆ ನೋಡಲಾಗಲಿಲ್ಲ.

ಅಮ್ಮ ಯಾರನ್ನೂ ಕೇಳಲಿಲ್ಲ. ಕುಡುಗೋಲು ತೆಗೆದುಕೊಂಡು, ಗೋಣಿಚೀಲ ನನ್ನ ಕೈಗೆ ಕೊಟ್ಟು ಹೊರಟಳು. ಮಾವನ ತೋಟ ಹಸಿರಾಗಿ ನಿಂತಿತ್ತು, ಕುಯ್ಯುವವರಿರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ಅವರ ಮನೆಯ ಮುಂದೆಯೇ ಹಾಯಬೇಕು. ಮಾವನ ಹೆಂಡತಿ ಬಾಗಿಲಲ್ಲಿ ಕೂತಿದ್ದಳು. ಅವಳು ಅಮ್ಮನನ್ನು ತೆಲುಗಿನಲ್ಲಿ ವದಿನ ಎನ್ನುತ್ತಿದ್ದಳು, ಅತ್ತಿಗೆ ಎಂದು. ಕುಡುಗೋಲಿನ ಕಡೆ ನೋಡಿ ಕೇಳಿದಳು:

"ನನ್ನ ನೋಡೋಕೆ ಬಂದ್ಯಾ ವದಿನಾ, ಸೊಪ್ಪಿಗೆ ಬಂದ್ಯಾ?"

ಅಮ್ಮನಿಗೆ ಸುಳ್ಳು ಹೇಳಲಾಗಲಿಲ್ಲ. "ಸೊಪ್ಪಿಗೆ," ಅಂದಳು.

ಕುಯ್ದುಕೊಂಡು ಹೋಗು, ಅವರಿದ್ದಿದ್ದರೂ ಬೇಡ ಅನ್ನುತ್ತಿರಲಿಲ್ಲ ಎಂದಳು ಅವಳು. ಅಮ್ಮ ಅಳುತ್ತಲೇ ಕುಯ್ದಳು. ನಾನು ಚೀಲಕ್ಕೆ ತುಂಬಿದೆ.

ಆ ಸೊಪ್ಪನ್ನು ಅಪ್ಪ ಬೇಡ ಅನ್ನಲೂ ಇಲ್ಲ, ಮುಟ್ಟಲೂ ಇಲ್ಲ. ನಾನೂ ಅಮ್ಮನೂ ಹಾಕಿದೆವು. ಹುಳ ತಿಂದವು, ಹಣ್ಣಾಗಿ ನೂಲು ಬಿಡಲು ತಯಾರಾದವು. ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟೆವು. ಗೂಡುಗಳು ಎಂದಿನ ಹಾಗೇ ಗಟ್ಟಿಯಾಗಿ ಬಂದವು. ಅಪ್ಪ ಮುಂದಿನ ಬೆಳೆಗೆ ಎರಡು ತೋಟದವರ ಹತ್ತಿರ ಮಾತಾಡಿ ಬಂದ, ಅದನ್ನು ದೊಡ್ಡ ಬುದ್ಧಿವಂತಿಕೆಯೆಂಬಂತೆ ಹೇಳಿದ. ಅಮ್ಮ ಚಂದ್ರಂಕಿಯಿಂದ ಗೂಡು ಬಿಡಿಸುತ್ತಿದ್ದಳು. ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿ, ನನ್ನ ಕಡೆ ತಿರುಗಿದಳು.

"ಏನೂ ಆಗ್ಲಿಲ್ಲ ನೋಡು. ಅವತ್ತೇ ಹೋಗಿ ಕೊನೇ ಸಲ ಮುಖ ನೋಡ್ಕೊಂಡು ಬರಬೋದಾಗಿತ್ತು ಕಣೇ."