ಕುತ್ತಿಗೆಯ ಪಟ್ಟಿಯ ಮೇಲೆ ಬೀರಪ್ಪನ ಭಂಡಾರ

ಹೆರಿಗೆಯಾದ ವಾರದೊಳಗೇ ನನ್ನ ಹೆಂಡತಿ ಜ್ವರ ಬಂದು ಮಾತು ನಿಂತು ಮಲಗಿದಳು. ಇದೇ 2008ರ ಶ್ರಾವಣದ ಮಾತಿದು. ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಅನಗವಾಡಿಯಿಂದ ಜಮಖಂಡಿಯ ಆಸ್ಪತ್ರೆಗೆ ಒಯ್ದೆವು. ರಕ್ತಕ್ಕೆ ನಂಜೇರಿದೆ ಎಂದರು ಡಾಕ್ಟರು. ನಾನು ಬಸ್ ಕಂಡಕ್ಟರ್, ನಿಂತೇ ದುಡಿಯುವವನು. ಆದರೂ ಆ ವರಾಂಡದಲ್ಲಿ ಸುಮ್ಮನೆ ನಿಂತು ದಣಿದಷ್ಟು ಯಾವ ಟ್ರಿಪ್ಪಿನಲ್ಲೂ ದಣಿದಿಲ್ಲ.

ಚುಚ್ಚಿ ಚುಚ್ಚಿ ಅವಳ ಕೈಗಳು ಬಾತಿದ್ದವು. ಕೊನೆಗೆ ಕುತ್ತಿಗೆಯ ದೊಡ್ಡ ನರದಲ್ಲಿ ನಳಿಕೆ ಇಡಬೇಕಾಯಿತು. ಡಾಕ್ಟರು ಇಡುವಾಗ ವಾರ್ಡಿನ ನರ್ಸ್ ಸುಮಿತ್ರಾ ಸಿಸ್ಟರ್ ಅವಳ ತಲೆ ಹಿಡಿದು, "ಅಲುಗಾಡಬ್ಯಾಡ ತಂಗಿ, ನಾ ಇಲ್ಲೇ ಅದೀನಿ" ಎನ್ನುವುದು ಬಾಗಿಲಾಚೆ ನನಗೆ ಕೇಳುತ್ತಿತ್ತು. ಆಮೇಲೆ ನಳಿಕೆಯ ಕಾವಲೆಲ್ಲ ಸಿಸ್ಟರದ್ದೇ. ಔಷಧಿ ಬಿಡುವ ಮುನ್ನ ಪ್ರತಿಸಲ ಕೈ ತೊಳೆದು, ನಳಿಕೆಯ ಬಾಯಿಯನ್ನು ಸ್ಪಿರಿಟ್ ಹಚ್ಚಿ ಉಜ್ಜುತ್ತಿದ್ದರು. "ಇದು ಸೀದಾ ಎದಿಗೆ ಹೋಗೂ ದಾರಿರೀ. ಯಾರೂ ಮುಟ್ಟಂಗಿಲ್ಲ" ಎಂದು ನನಗೆ ತಾಕೀತು ಮಾಡಿದ್ದರು.

ಜ್ವರ ಇಳಿಯಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಏರಿತು, ಹಲ್ಲು ಕಟಕಟ ಎನ್ನುವ ಚಳಿಯೊಂದಿಗೆ. ಏಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು, ಮನೆದೇವರನ್ನು ನೆನೆದು, "ಬೀರಪ್ಪಾ, ಇನ್ನ ನನ್ನ ಕೈಲೆ ಆಗೂದಿಲ್ಲಪಾ. ಕೂಸಿನ ತಾಯಿನ್ನ ಉಳಿಸಿಕೊಡು" ಎಂದು ಅತ್ತುಬಿಟ್ಟೆ.

ಮರುದಿನ ಮೊದಲ ಬಸ್ಸಿಗೆ ಅವ್ವ ಬೀರಪ್ಪನ ಗುಡಿಯಲ್ಲಿ ಪ್ರಸಾದವಾಗಿ ಕೊಡುವ ಅರಿಶಿಣಪುಡಿ, ಭಂಡಾರ ತಂದಳು. ಬೇನೆ ಇದ್ದಲ್ಲೇ ಭಂಡಾರ ಹಚ್ಚುವುದು ನಮ್ಮ ಮನೆತನದ ರೂಢಿ. ಸೊಸೆಯನ್ನು ನೋಡಲು ಒಳಗೆ ಹೋದವಳು, ನಾನು ತಡೆಯುವ ಮೊದಲೇ ಕುತ್ತಿಗೆಯ ನಳಿಕೆಗೆ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ಒಂದು ಚಿಟಿಕೆ ಅರಿಶಿಣ ಒತ್ತಿಬಿಟ್ಟಳು. ಅದೇ ಹೊತ್ತಿಗೆ ಸಿಸ್ಟರ್ ಬಂದರು.

"ಅಯ್ಯ ಆಯಿ, ಏನ್ ಮಾಡಿದ್ರಿ! ಇದಕ್ಕ ಧೂಳ ತಾಕಬಾರದ್ರೀ!"

"ಧೂಳ ಅಲ್ಲ ಬೇ, ದೇವ್ರು ಅದು."

"ದೇವ್ರಾದ್ರೂ ಇದರ ಮ್ಯಾಲೆ ಬ್ಯಾಡ್ರಿ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪಟ್ಟಿ ಬದಲಿಸುವುದು ಮರುದಿನವಿತ್ತು. ಪುಡಿ ತಾಕಿದ ಪಟ್ಟಿ ಇಡುವಂತಿಲ್ಲವೆಂದು ಸಿಸ್ಟರ್ ನಮ್ಮನ್ನು ಹೊರಗೆ ಕಳಿಸಿ, ಕೈಗವಸು ಹಾಕಿ ಆಗಲೇ ಬಿಚ್ಚಿದರು. ಬಿಚ್ಚಿದವರೇ ಡಾಕ್ಟರನ್ನು ಕರೆದರು. ನಳಿಕೆ ಒಳಹೊಕ್ಕ ಜಾಗ ಕೆಂಪಗಾಗಿ ಕೀವು ಕಟ್ಟಿತ್ತು. ಅದು ಒಂದು ಗಳಿಗೆಯ ಹಿಂದೆ ಹಚ್ಚಿದ ಭಂಡಾರದಿಂದ ಆದದ್ದಲ್ಲ. ಮತ್ತೆ ಬಂದ ಜ್ವರದ ಬೇರು ಅಲ್ಲಿತ್ತು, ಮೇಲಿನಿಂದ ಕಂಡಿರಲಿಲ್ಲ.

ಆ ನಳಿಕೆ ತೆಗೆದು ಇನ್ನೊಂದು ಬದಿಗೆ ಹೊಸದನ್ನಿಟ್ಟರು, ಔಷಧಿ ಬದಲಿಸಿದರು. "ಇವತ್ತ ಬಿಚ್ಚಿದ್ದು ಛಲೋ ಆತು. ನಾಳಿಗೆ ಅಂದಿದ್ರ ಕಷ್ಟ ಇತ್ತು" ಎಂದರು ಡಾಕ್ಟರು. ಜ್ವರ ಬಿಟ್ಟಿತು. ಒಂದು ಬೆಳಿಗ್ಗೆ ಅವಳು ಕಣ್ಣು ತೆರೆದು, "ಕೂಸು ಎಲ್ಲೈತ್ರಿ?" ಎಂದಳು.

ಬಿಡುಗಡೆಯ ದಿನ ಅವ್ವ ಸೆರಗಿನಲ್ಲಿದ್ದ ಭಂಡಾರದ ಗಂಟು ಬಿಚ್ಚಿದಳು. ಸಿಸ್ಟರ್ ನಕ್ಕು, "ಮೊದಲ ಕೈ ತೊಳಕೊಂಡ ಬರ್ರಿ ಆಯಿ" ಎಂದರು. ಅವ್ವ ಸಾಬೂನು ಹಚ್ಚಿ ತೊಳೆದು ಬಂದು, ಅವರ ಹಣೆಗೆ ಭಂಡಾರವಿಟ್ಟಳು. ಸಿಸ್ಟರ್ ತಲೆ ಬಾಗಿಸಿ ಹಚ್ಚಿಸಿಕೊಂಡರು.

ಭಕ್ತ ಬಂಧುಗಳೇ, ಪಟ್ಟಿ ಬಿಚ್ಚಿಸಿದವನು ಬೀರಪ್ಪ, ಬಿಚ್ಚಿದವರು ಸಿಸ್ಟರ್. ಇದರಲ್ಲಿ ನನಗೆ ಸಂಶಯವಿಲ್ಲ. ಆದರೂ ಆಸ್ಪತ್ರೆಯಲ್ಲಿ ಭಂಡಾರ ಹಚ್ಚುವ ಮುನ್ನ ಸಿಸ್ಟರನ್ನು ಕೇಳಿರಿ, ನಮ್ಮ ದೇವರು ಸಿಟ್ಟಾಗುವುದಿಲ್ಲ. ದಣಿವು ಇನ್ನೂ ಮೈಯಲ್ಲಿದೆ. ನಾನು ಇದನ್ನು ಬರೆಯುತ್ತಿರುವಾಗ ಒಳಮನೆಯಲ್ಲಿ ಅವಳು ಕೂಸಿಗೆ ಹಾಲೂಡಿಸುತ್ತಿದ್ದಾಳೆ. ನಾನು ಬೇಡಿದ್ದು ಇಷ್ಟನ್ನೇ.