ಹಗ್ಗದೊಳಗಿನ ಎರಡು ಬೆರಳು

ಗದಗಿನ ಸಣ್ಣ ಮಾಸಪತ್ರಿಕೆಯೊಂದರ ಸಂಪಾದಕರು ನನಗೊಂದು ಫೋಟೋ ಪುಸ್ತಕ ಕಳಿಸಿ, ವಿಮರ್ಶೆ ಬರೆಯಲು ಹೇಳಿದ್ದರು. ನನ್ನ ಹೆಸರು ಮೊದಲ ಸಲ ಅಚ್ಚಾಗುವುದಿತ್ತು. ರೋಣದಿಂದ ಗಜೇಂದ್ರಗಡದವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಇದನ್ನು ಹೇಳಿ ಮುಗಿಸಿದ್ದೆ. ನರಗುಂದ ಬಸ್ಸಿನ ಕಂಡಕ್ಟರನಿಗೂ ಗೊತ್ತಿತ್ತು.

ಪುಸ್ತಕ ಬಿಚ್ಚಿದರೆ ಬರೀ ಮೈ, ಹಗ್ಗ, ಚರ್ಮದ ಪಟ್ಟಿ, ಎತ್ತರದ ಹಿಮ್ಮಡಿಯ ಬೂಟು. ಕಟ್ಟುವುದರಲ್ಲೂ ಕಟ್ಟಿಸಿಕೊಳ್ಳುವುದರಲ್ಲೂ ಸುಖ ಕಾಣುವವರ ಚಿತ್ರಗಳು. ಮುನ್ನುಡಿಯವರು ಇದನ್ನು ಶುದ್ಧ ಕಲೆ ಎಂದಿದ್ದರು. ಹನ್ನೊಂದು ಮಂದಿಯ ನಮ್ಮ ಮನೆಯಲ್ಲಿ ಶುದ್ಧ ಕಲೆಯನ್ನು ಎಲ್ಲಿ ಕೂತು ನೋಡುವುದು? ಅಡುಗೆಮನೆಯಲ್ಲಿ ಅವ್ವ, ಪಡಸಾಲೆಯಲ್ಲಿ ಅಜ್ಜಿ. ಕೊನೆಗೆ ದನದ ಕೊಟ್ಟಿಗೆಗೆ ಹೋಗಿ, ಹಿಂಡಿ ಚೀಲದ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು ನೋಡಿದೆ. ಎಮ್ಮೆ ನನ್ನನ್ನೇ ದಿಟ್ಟಿಸುತ್ತಿತ್ತು. ಅದಕ್ಕೂ ನಾಚಿ ಪುಟಗಳನ್ನು ಗಿರಗಿರನೆ ತಿರುವಿದೆ.

ಆದರೂ ವಿಮರ್ಶೆ ಆರು ಪುಟ ಬಂತು. ಮುಖಪುಟದ ಚಿತ್ರದ ಬಗ್ಗೆ, 'ಬಂಧನದಲ್ಲಿ ಮೂಕವಾಗಿ ನರಳುವ ಹೆಣ್ಣಿನ ಬೆನ್ನು. ಇದು ಕಲೆಯಲ್ಲ, ಕ್ರೌರ್ಯ' ಎಂದು ಬರೆದು, ನನ್ನ ಮಾತಿಗೆ ನಾನೇ ಕಣ್ಣೀರು ಹಾಕಿ ವಾಟ್ಸಾಪಿನಲ್ಲಿ ಕಳಿಸಿದೆ. ಪುಸ್ತಕ ಚೀಲದ ಹಿಂದೆಯೇ ಉಳಿಯಿತು.

ಮರುದಿನ ಎಮ್ಮೆಗೆ ಹಿಂಡಿ ತೆಗೆಯಲು ಹೋದ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಅಲ್ಲಿಂದಲೇ ಕೂಗಿದರು.

"ಏ ಪಂಡಿತ, ಬಾ ಇಲ್ಲೆ. ಇದು ನಿಂದೇನು?"

ಬಾರುಕೋಲು ಇವತ್ತು ನನ್ನ ಬೆನ್ನಿಗೇ ಎಂದುಕೊಂಡು ಹೋದೆ. ಅವರು ಮುಖಪುಟದ ಮೇಲೆ ಬೆರಳಿಟ್ಟಿದ್ದರು.

"ಯಾರಲೇ ಈ ಹಗ್ಗಾ ಕಟ್ಟಿದ್ದು? ಭಾಳ ಚಲೋ ಕಟ್ಯಾರ."

"ಕಾಕಾ, ಅದು ಹಿಂಸಾ..."

"ಯಾತರ ಹಿಂಸಾ? ನೋಡಿಲ್ಲೆ, ಎರಡ ಬೆರಳ ಹೋಗೂವಷ್ಟು ಜಾಗಾ ಬಿಟ್ಟಾರ. ಕರಾ ಕಟ್ಟೂವಾಗ ನಾವೂ ಹಿಂಗ ಬಿಡ್ತೀವಿ. ಜಗ್ಗಿದ್ರ ಬಿಗಿಯೂ ಗಂಟಲ್ಲ ಇದು. ಕಕ್ಕುಲಾತಿ ಇದ್ದವ್ರ ಕಟ್ಟಿದ್ದು."

"ಪಾಪ, ಆ ಹೆಣ್ಮಗಳು..."

"ಹೆಣ್ಮಗಳು ಎಲ್ಲಿ ಅದಾಳಲೇ? ಮೀಸಿ ತುದಿ ಕಾಣವಲ್ದೇನ ನಿನಗ?"

ಎರಡೂ ಕಣ್ಣು ಬಿಟ್ಟು ನೋಡಿದೆ. ಬೆನ್ನಿನ ಮೇಲೆ ಅರ್ಧ ಹೊರಳಿದ ಮುಖದಲ್ಲಿ ಮೀಸೆ ಇತ್ತು. ಎತ್ತಿನ ಕೊಂಬಿನಂಥ ಮೀಸೆ.

ಸಂಪಾದಕರಿಗೆ ಫೋನ್ ಹಚ್ಚಿದೆ.

"ಸರ್, ಅಚ್ಚಿಗೆ ಹೋತೇನ್ರಿ?"

"ಸಂಜಿಗೆ ಹೋಗ್ತೈತಿ. ಯಾಕ?"

"ಹೆಣ್ಣು ಗಂಡಾಗ್ಯಾಳ್ರಿ."

"ನೀ ಪುಸ್ತಕಾ ನೋಡೀಯೋ ಇಲ್ಲೋ?"

"ಅರ್ಧಾ ಕಣ್ಣಿಲೆ ನೋಡೇನ್ರಿ."

ಕಾಕಾ ಹೇಳಿದ್ದನ್ನು ನಾಲ್ಕು ಸಾಲು ಮಾಡಿ ಕಳಿಸಿದೆ. ಮಾತು ಯಾರದೆಂದು ತಿಳಿಸಬೇಕೋ ಬೇಡವೋ ಎಂದು, ಆರು ಪುಟ ಬರೆಯಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿ, ಕೊನೆಗೆ ತಿಳಿಸಿದೆ. ಸಂಪಾದಕರು ಆರು ಪುಟವನ್ನೂ ಕಿತ್ತೊಗೆದು, ನಾಲ್ಕು ಸಾಲು ಉಳಿಸಿಕೊಂಡು ಫೋನ್ ಮಾಡಿದರು.

"ಇದು ನೋಡಪಾ ವಿಮರ್ಶಾ ಅಂದ್ರ. ನಿಮ್ಮ ಕಾಕಾನ ಹೆಸರ ಹಾಕ್ತೀನಿ, ಕೇಳಿ ಹೇಳು."

ಹೊಟ್ಟೆ ಉರಿಯಿತು. ಕಂಡಕ್ಟರನಿಗೆ ಏನು ಹೇಳಲಿ? ಆದರೂ ಹೋಗಿ ಕೇಳಿದೆ. ಕರುವಿನ ಕೊರಳ ಹಗ್ಗದೊಳಗೆ ಬೆರಳು ತೂರಿಸಿ ನೋಡುತ್ತಿದ್ದ ಕಾಕಾ ಗಾಬರಿಯಾದರು.

"ಬ್ಯಾಡೋ ಯಪ್ಪಾ! ನನ್ನ ಹೆಸರ ಬಂದ್ರ ನಿಮ್ಮ ಚಿಗವ್ವ, ಯಾವ ಪುಸ್ತಕಾ, ತೋರ್ಸು ಅಂತಾಳ. ನಿಂದ ಹಾಕ್ಕೋ. ನಿನ್ನ ಮರ್ಯಾದಿ ಹ್ಯಾಂಗೂ ಹೋಗೈತಿ."

ಹಾಗೆ ನನ್ನ ಹೆಸರು ಅಚ್ಚಾಯಿತು. ಪತ್ರಿಕೆ ಬಂದ ದಿನ ಮೊದಲು ಎಮ್ಮೆಗೆ ತೋರಿಸಿದೆ. ಅದು ಮುಖ ತಿರುಗಿಸಿತು.